ಊದದ ಕಾಲಿಗೇ ಗುಳಿಗೆ

ಬೆಂಗಳೂರಿನ ಯಡಿಯೂರಿನಲ್ಲಿರುವ ನನ್ನ ಔಷಧಿ ಅಂಗಡಿಯಲ್ಲಿ ಡೈಈಥೈಲ್‌ಕಾರ್ಬಮಜೀನ್ ಎಂಬ ಮಾತ್ರೆಯನ್ನು ಕೇಳಿಕೊಂಡು ಬರುವವರು ಎರಡು ಬಗೆ. ಮೊದಲನೆಯವರು ಜಯನಗರ, ಬನಶಂಕರಿಯ ಹಳೆಯ ಮನೆಗಳ ಹಿರಿಯರು. ಉದ್ದದ ಹೆಸರು ಅವರಿಗೆ ಬೇಕಿಲ್ಲ, ಹೆಟ್ರಜಾನ್ ಎನ್ನುತ್ತಾರೆ, ಇಲ್ಲವೇ ಬ್ಯಾನೋಸೈಡ್ ಎನ್ನುತ್ತಾರೆ. "ಇಸ್ನೋಫಿಲಿಯಾ ಜಾಸ್ತಿ ಆಗಿದೆ ಕಣಮ್ಮ, ರಾತ್ರಿಯೆಲ್ಲ ಕೆಮ್ಮು" ಎಂದು ಡಾಕ್ಟರ ಚೀಟಿ ಮುಂದಿಡುತ್ತಾರೆ. ಎರಡನೆಯವರು ಅಂಥದೇ ಹಳೆಯ ಮನೆಗಳನ್ನು ಕೆಡವಿ ನಾಲ್ಕು ಅಂತಸ್ತು ಎಬ್ಬಿಸುವ ಗಾರೆ ಕೆಲಸದವರು. ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಸಂಸಾರ. ಅವರಲ್ಲಿ ಬಹಳ ಜನ ಯಾದಗಿರಿ, ಕಲಬುರಗಿ, ರಾಯಚೂರಿನ ಕಡೆಯವರು. "ಅಕ್ಕೋರ, ಆನಿಕಾಲಿನ ಗುಳಗಿ ಸಿಗತೈತೇನ್ರಿ?" ಎಂದು ಕೇಳುತ್ತಾರೆ. ಅವರ ಕೈಯಲ್ಲಿ ಚೀಟಿ ಇರುವುದಿಲ್ಲ.

ಕೆಮ್ಮಿನ ಹಿರಿಯರಿಗೂ ಆ ಕೆಲಸಗಾರರಿಗೂ ಮಾತ್ರೆ ಒಂದೇ. ಆ ಮಾತ್ರೆಯ ಗುರಿಯಾದ ಹುಳವೂ ಒಂದೇ. ಡಿಇಸಿ ಎಂದು ಚುಟುಕಾಗಿ ಕರೆಯುವ ಈ ಔಷಧದ ವಿಷಯ ಬರೆಯಬೇಕೆಂದು ನನಗೆ ಬಹಳ ದಿನದಿಂದ ಇದೆ. ನಾನು ಹುಟ್ಟಿದ್ದು ಸುರಪುರ ತಾಲ್ಲೂಕಿನ ಹಳ್ಳಿಯಲ್ಲಿ, ಫಾರ್ಮಸಿ ಓದಿದ್ದು ಕಲಬುರಗಿಯಲ್ಲಿ. ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ಬಲಗಾಲು ಮೊಣಕಾಲಿನಿಂದ ಕೆಳಗೆ ಊದಿ ಕಂಬವಾಗಿತ್ತು. ಅವಳು ಚಪ್ಪಲಿ ಮೆಟ್ಟಿದ್ದನ್ನು ನಾನು ನೋಡಿಲ್ಲ. ಅವಳ ಅಳತೆಗೆ ಚಪ್ಪಲಿಯೇ ಇರಲಿಲ್ಲ.

ಮೊದಲು ಆ ಹುಳ ಯಾವುದೆಂದು ಹೇಳುತ್ತೇನೆ. ಆನೆಕಾಲು, ಅಂದರೆ ಫೈಲೇರಿಯಾ ರೋಗ ತರುವ ಅದಕ್ಕೆ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂದು ಹೆಸರು. ಬ್ರೆಜಿಲ್‌ನಲ್ಲಿ ಅದರ ಮರಿಗಳನ್ನು ಕಂಡ ವುಚೆರರ್, ಆಸ್ಟ್ರೇಲಿಯಾದಲ್ಲಿ ದೊಡ್ಡ ಹುಳವನ್ನು ಕಂಡ ಬ್ಯಾಂಕ್ರಾಫ್ಟ್, ಇಬ್ಬರು ವೈದ್ಯರ ಹೆಸರೂ ಅದರಲ್ಲಿದೆ. ಮನುಷ್ಯನ ರಕ್ತದಲ್ಲಿ ಅದರ ಮರಿಗಳು ಈಜಾಡುವುದನ್ನು 1872ರಲ್ಲಿ ಕಲ್ಕತ್ತಾದಲ್ಲಿ ತೋರಿಸಿಕೊಟ್ಟವರು ಟಿಮೊತಿ ಲೂಯಿಸ್. ಸೊಳ್ಳೆಯ ಮೈಯಲ್ಲಿ ಅವು ಬೆಳೆಯುತ್ತವೆಂದು 1877ರಲ್ಲಿ ಚೀನಾದ ಅಮೋಯ್ ಬಂದರಿನಲ್ಲಿ ಕಂಡುಕೊಂಡವರು ಪ್ಯಾಟ್ರಿಕ್ ಮ್ಯಾನ್ಸನ್. ಸೊಳ್ಳೆ ರೋಗ ಹೊರುತ್ತದೆ ಎಂಬ ತಿಳಿವಳಿಕೆ ಮಲೇರಿಯಾದಿಂದ ಶುರುವಾಯಿತೆಂದು ಬಹಳ ಜನ ಎಣಿಸಿದ್ದಾರೆ. ಅದು ಶುರುವಾದದ್ದು ಈ ಹುಳದಿಂದ.

ದೊಡ್ಡ ಹುಳ ನೋಡಲು ಬಿಳಿ ನೂಲಿನ ಎಳೆ. ಹೆಣ್ಣು 8ರಿಂದ 10 ಸೆಂಟಿಮೀಟರ್, ಗಂಡು ಅದರ ಅರ್ಧದಷ್ಟು. ಅವು ಇರುವುದು ರಕ್ತದಲ್ಲಿ ಅಲ್ಲ. ರಕ್ತನಾಳಗಳ ಜೊತೆಜೊತೆಗೆ ನಮ್ಮ ಮೈಯಲ್ಲಿ ಇನ್ನೊಂದು ನಾಳಗಳ ಜಾಲವಿದೆ. ಮಾಂಸಖಂಡಗಳ ನಡುವೆ ಉಳಿದ ನೀರನ್ನು ಬಸಿದು ತಂದು ಮತ್ತೆ ರಕ್ತಕ್ಕೆ ಸೇರಿಸುವುದು ಅದರ ಕೆಲಸ. ಅದೇ ದುಗ್ಧನಾಳ. ತೊಡೆಸಂದಿನ, ವೃಷಣದ ಸುತ್ತಿನ ದುಗ್ಧನಾಳಗಳಲ್ಲಿ ಗಂಡು ಹೆಣ್ಣು ಹುಳಗಳು ಹೆಣೆದುಕೊಂಡು 5ರಿಂದ 8 ವರ್ಷ ಬದುಕುತ್ತವೆ. ನಾಳ ಹಿಗ್ಗುತ್ತದೆ, ಅದರ ಕವಾಟಗಳು ಕೆಡುತ್ತವೆ, ನೀರು ಮೇಲೇರದೆ ಕಾಲಿನಲ್ಲೇ ನಿಲ್ಲುತ್ತದೆ. ಗಂಡಸರಲ್ಲಿ ಬೀಜದ ಚೀಲದಲ್ಲಿ ನೀರು ತುಂಬುತ್ತದೆ. ಕಾಲು ಊದಿದವರು ಬೀದಿಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತಾರೆ, ಪಂಚೆಯೊಳಗಿನ ಊತವನ್ನು ಗಂಡಸರು ಹೆಂಡತಿಗೂ ಹೇಳದೆ ವರ್ಷಗಟ್ಟಲೆ ಮುಚ್ಚಿಡುತ್ತಾರೆ.

ಹೆಣ್ಣು ಹುಳ ದಿನವೂ ಸಾವಿರಾರು ಮರಿ ಹಾಕುತ್ತದೆ. ಒಂದೊಂದು ಮರಿಯ ಉದ್ದ ಸುಮಾರು ಕಾಲು ಮಿಲಿಮೀಟರ್. ಹಗಲಿನಲ್ಲಿ ಅವು ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಅಡಗಿರುತ್ತವೆ. ರಾತ್ರಿ 10ರಿಂದ 2 ಗಂಟೆಯ ನಡುವೆ, ಕ್ಯೂಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತಿಗೆ, ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ನಾನು ಸಣ್ಣವಳಿದ್ದಾಗ ಆರೋಗ್ಯ ಇಲಾಖೆಯವರು ಊರಿಗೆ ರಾತ್ರಿ ಹೊತ್ತು ಬ್ಯಾಟರಿ ಹಿಡಿದು ಬಂದು ಮಲಗಿದವರನ್ನು ಎಬ್ಬಿಸಿ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಒರೆಸಿಕೊಂಡು ಹೋಗುತ್ತಿದ್ದರು. ರಾತ್ರಿ ಯಾಕೆ ಬರುತ್ತಾರೆ ಎಂದು ಊರಿನವರಿಗೆ ಗುಮಾನಿ. ಹಗಲಿನ ರಕ್ತದಲ್ಲಿ ಹುಳ ಸಿಗುವುದಿಲ್ಲವೆಂದು ಯಾರಾದರೂ ಕೂತು ಬಿಡಿಸಿ ಹೇಳಿದ್ದರೆ ಆ ಗುಮಾನಿ ಇರುತ್ತಿರಲಿಲ್ಲ. ಈಗ ಹುಳದ ಪ್ರೋಟೀನನ್ನು ಹಿಡಿಯುವ ಪರೀಕ್ಷಾಪಟ್ಟಿ ಬಂದಿದೆ, ಅದಕ್ಕೆ ಹಗಲಿನ ಒಂದು ಹನಿ ರಕ್ತ ಸಾಕು.

ಇಲ್ಲಿ ಒಂದು ಸಮಾಧಾನದ ಮಾತು ಹೇಳಿಬಿಡುತ್ತೇನೆ, ಏಕೆಂದರೆ ಯಡಿಯೂರು ಕೆರೆಯ ಸುತ್ತ ವಾಕಿಂಗ್ ಹೋಗುವವರು ಈ ಮಾತು ಕೇಳಿದರೆ ಸೊಳ್ಳೆ ಕಂಡು ಹೆದರುತ್ತಾರೆ. ನಮ್ಮ ಮೋರಿ, ರಾಜಕಾಲುವೆಗಳಲ್ಲಿ ಹುಟ್ಟುವುದೂ ಕ್ಯೂಲೆಕ್ಸ್ ಸೊಳ್ಳೆಯೇ ಹೌದು. ಆದರೆ ಬೆಂಗಳೂರು ಈ ರೋಗದ ಜಿಲ್ಲೆಗಳ ಪಟ್ಟಿಯಲ್ಲಿ ಇಲ್ಲ. ಡೆಂಗಿಯ ಹಾಗೆ ಒಂದೆರಡು ಸೊಳ್ಳೆ ಕಚ್ಚಿದ ಮಾತ್ರಕ್ಕೆ ಬರುವ ರೋಗವೂ ಇದಲ್ಲ. ಸೋಂಕು ಹೊತ್ತ ಸೊಳ್ಳೆಗಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮತ್ತೆ ಮತ್ತೆ ಕಚ್ಚಿದರೆ ಮಾತ್ರ ಮೈಯಲ್ಲಿ ಗಂಡು ಹೆಣ್ಣು ಎರಡೂ ಹುಳ ಸೇರಿ ಸಂಸಾರ ಹೂಡುತ್ತವೆ. ಆದ್ದರಿಂದ ಶೆಡ್ಡಿನ ಜನರನ್ನು ಕಂಡು ಮುಖ ತಿರುಗಿಸಲು ಯಾರಿಗೂ ಕಾರಣವಿಲ್ಲ. ನನ್ನ ಚಿಂತೆ ಅವರ ಬಗ್ಗೆ.

ಈಗ ಇಸ್ನೋಫಿಲಿಯಾದ ಹಿರಿಯರ ಮಾತಿಗೆ ಬರೋಣ. ಕೋಲಾರದ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಬಳಿ ಆರೋಗ್ಯವರಂ ಎಂಬ ಕ್ಷಯದ ಆಸ್ಪತ್ರೆ ಇತ್ತು. ಅಲ್ಲಿ ಡೆನ್ಮಾರ್ಕಿನ ವೈದ್ಯ ಫ್ರಿಮೋಟ್ ಮೋಲರ್ ಅವರ ಕೈಗೆ ಕೆಲವು ವಿಚಿತ್ರ ರೋಗಿಗಳು ಸಿಕ್ಕರು. ಕ್ಷಯದವರ ಹಾಗೆಯೇ ರಾತ್ರಿ ಕೆಮ್ಮು, ಎಕ್ಸ್‌ರೇಯಲ್ಲಿ ಅದೇ ರೀತಿಯ ಚುಕ್ಕೆಗಳು. ಕಫದಲ್ಲಿ ಮಾತ್ರ ಕ್ಷಯದ ರೋಗಾಣು ಇಲ್ಲ, ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ಕಣಗಳು ವಿಪರೀತ. 1940ರಲ್ಲಿ ಅವರು ಬಾರ್ಟನ್ ಎಂಬ ವೈದ್ಯರ ಜೊತೆ ಸೇರಿ ಇದನ್ನು ಬರೆದು ಪ್ರಕಟಿಸಿದರು. 1943ರಲ್ಲಿ ವೈನ್‌ಗಾರ್ಟನ್ ಎಂಬುವರು ಇದಕ್ಕೆ ಉಷ್ಣವಲಯದ ಇಯೋಸಿನೋಫಿಲಿಯಾ ಎಂದು ಹೆಸರಿಟ್ಟರು. ಅದರ ಮೂಲದಲ್ಲಿ ಇರುವುದು ಈ ಫೈಲೇರಿಯಾ ಹುಳವೇ ಎಂದು ಖಚಿತವಾಗಲು ಇನ್ನೂ ಕೆಲವು ವರ್ಷ ಬೇಕಾದವು. ಕೆಲವರ ಮೈ ಹುಳದ ಮರಿಗಳನ್ನು ಒಂದಿಷ್ಟೂ ಸಹಿಸುವುದಿಲ್ಲ. ಶ್ವಾಸಕೋಶದಲ್ಲೇ ಹಿಡಿದು ಕೊಲ್ಲುತ್ತದೆ. ಆ ಕಾದಾಟದ ಪೆಟ್ಟು ಶ್ವಾಸಕೋಶಕ್ಕೇ ಬೀಳುತ್ತದೆ. ಡಿಇಸಿಯನ್ನು ಸಾಮಾನ್ಯವಾಗಿ ಮೂರು ವಾರ ಕೊಟ್ಟರೆ ಕೆಮ್ಮು ನಿಲ್ಲುತ್ತದೆ. ಬಿಟ್ಟರೆ ಶ್ವಾಸಕೋಶದಲ್ಲಿ ಕಲೆ ಉಳಿಯುತ್ತದೆ.

ಹಾಗೆಂದು ರಕ್ತದ ವರದಿಯಲ್ಲಿ ಇಯೋಸಿನೋಫಿಲ್ ಸ್ವಲ್ಪ ಏರಿದ ಕೂಡಲೇ ಈ ಮಾತ್ರೆ ನುಂಗುವುದು ಸರಿಯಲ್ಲ. ಈ ಊರಿನ ಧೂಳು, ಪರಾಗದ ಅಲರ್ಜಿಗೂ ಅದು ಏರುತ್ತದೆ. ಹೊಟ್ಟೆಹುಳಕ್ಕೂ ಏರುತ್ತದೆ. ಫೈಲೇರಿಯಾದ ಕೆಮ್ಮಿನಲ್ಲಿ ಆ ಸಂಖ್ಯೆ ಒಂದು ಮೈಕ್ರೋಲೀಟರ್‌ಗೆ 3000 ದಾಟುವುದು ರೂಢಿ. ಮೂವತ್ತು ವರ್ಷದ ಹಿಂದೆ ಡಾಕ್ಟರು ಕೊಟ್ಟಿದ್ದರಲ್ಲ ಎಂದು ಹಳೆಯ ಚೀಟಿ ತರುವವರನ್ನು ನಾನು ಹೊಸ ಚೀಟಿಗೆ ವಾಪಸು ಕಳಿಸುತ್ತೇನೆ. ಬೇಸರಪಟ್ಟುಕೊಂಡರೂ ಪರವಾಗಿಲ್ಲ.

ಡಿಇಸಿಯ ಹುಟ್ಟಿನಲ್ಲಿ ನಮ್ಮ ಪಕ್ಕದ ರಾಜ್ಯದವರೊಬ್ಬರ ಕೈ ಇದೆ. ಅವರು ಯಲ್ಲಾಪ್ರಗಡ ಸುಬ್ಬರಾವ್. 1895ರಲ್ಲಿ ಭೀಮಾವರದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಕೀಯ ಓದಿ, ಅಮೆರಿಕಕ್ಕೆ ಹೋಗಿ, ಹಾರ್ವರ್ಡ್‌ನಲ್ಲಿ ದುಡಿದು, 1940ರಲ್ಲಿ ಲೆಡರ್ಲೆ ಕಂಪನಿಯ ಪ್ರಯೋಗಾಲಯ ಸೇರಿದರು. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಸಾವಿರಾರು ಅಮೆರಿಕನ್ ಸೈನಿಕರಿಗೆ ಫೈಲೇರಿಯಾ ಅಂಟಿತು. ಔಷಧ ಬೇಕೆಂಬ ತುರ್ತು ಹುಟ್ಟಿದ್ದು ಆಗ. ಅದಕ್ಕೂ ಮೊದಲು ನೂರಾರು ವರ್ಷ ನಮ್ಮ ಊರುಗಳ ಕಾಲುಗಳು ಊದುತ್ತಲೇ ಇದ್ದವು, ಯಾರಿಗೂ ಆ ತುರ್ತು ಬಂದಿರಲಿಲ್ಲ. ಇದು ನನಗೆ ಇವತ್ತಿಗೂ ನೋಯುವ ವಿಷಯ. ಸುಬ್ಬರಾವ್ ಅವರ ತಂಡ ಪಿಪೆರಜೀನ್ ಕುಟುಂಬದ ಸಂಯುಕ್ತಗಳನ್ನು ಫೈಲೇರಿಯಾ ಅಂಟಿಸಿದ ಇಲಿಗಳ ಮೇಲೆ ಒಂದೊಂದಾಗಿ ಪರೀಕ್ಷಿಸಿತು. 1947ರಲ್ಲಿ ಡಿಇಸಿಯ ಫಲಿತಾಂಶ ಪ್ರಕಟವಾಯಿತು. ಮರುವರ್ಷವೇ ಅವರು ತೀರಿಕೊಂಡರು. ಫೋಲಿಕ್ ಆಮ್ಲವನ್ನು, ಕ್ಯಾನ್ಸರಿನ ಮೆಥೊಟ್ರೆಕ್ಸೇಟನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದೂ ಅವರ ತಂಡವೇ. ನನ್ನ ಅಂಗಡಿಯ ಕಪಾಟಿನಲ್ಲಿ ಅವರ ಕೈ ಮುಟ್ಟಿದ ಔಷಧ ಇಷ್ಟೊಂದಿದ್ದರೂ ಅವರ ಹೆಸರು ಬಲ್ಲ ಗಿರಾಕಿ ಅಪರೂಪ.

ಡಿಇಸಿಯ ಕೆಲಸದ ರೀತಿ ಬೇರೆ ಔಷಧಗಳ ಹಾಗಲ್ಲ. ಗಾಜಿನ ನಳಿಕೆಯಲ್ಲಿ ಮರಿಗಳ ಮೇಲೆ ಸುರಿದರೆ ಅವು ಸುಲಭಕ್ಕೆ ಸಾಯುವುದಿಲ್ಲ. ಮೈಯೊಳಗೆ ಹೋದಾಗ ಮಾತ್ರ ನಮ್ಮ ರಕ್ಷಣಾ ಕಣಗಳ ಕೈಗೆ ಅವನ್ನು ಹಿಡಿದುಕೊಡುತ್ತದೆ. ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿರುವ ಮರಿಗಳು ಹೆಚ್ಚುಕಡಿಮೆ ತೊಳೆದುಹೋಗುತ್ತವೆ. ದೊಡ್ಡ ಹುಳಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಉಳಿಯುತ್ತವೆ. ಉಳಿದವು ತಿಂಗಳುಗಳು ಕಳೆದ ಮೇಲೆ ಮತ್ತೆ ಮರಿ ಹಾಕಲು ತೊಡಗುತ್ತವೆ. ವರ್ಷಕ್ಕೊಮ್ಮೆ ಮತ್ತೆ ಮಾತ್ರೆ ಕೊಡುವುದು ಅದಕ್ಕೇ. ಹುಳದ ಆಯಸ್ಸು ತೀರುವವರೆಗೆ ಅದರ ಮರಿಗಳು ಸೊಳ್ಳೆಯ ಬಾಯಿಗೆ ಸಿಗದಂತೆ ನೋಡಿಕೊಂಡರೆ ಊರಿನಿಂದ ರೋಗ ಹೋಗುತ್ತದೆ. ಐದಾರು ವರ್ಷದ ಪಟ್ಟು ಬೇಕು.

ಭಾರತದ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ 1955ರಷ್ಟು ಹಳೆಯದು. ಇಡೀ ಜಿಲ್ಲೆಗೆ ಒಂದೇ ದಿನದ ಡೋಸು ನುಂಗಿಸುವ ಸಾಮೂಹಿಕ ಔಷಧ ಸೇವನೆ ದೊಡ್ಡ ಪ್ರಮಾಣದಲ್ಲಿ ಆರಂಭವಾದದ್ದು 2004ರಲ್ಲಿ. ಕೆಲವೇ ವರ್ಷಗಳಲ್ಲಿ ಅದಕ್ಕೆ ಆಲ್ಬೆಂಡಜೋಲ್ ಕೂಡಿತು. ಮಕ್ಕಳ ಹೊಟ್ಟೆಹುಳಕ್ಕೆ ಕೊಡುವ ಅದೇ ಚೀಪುವ ಮಾತ್ರೆ. ಅದು ಹುಳದ ಮೈಯ ಒಳಕಟ್ಟನ್ನು ಕೆಡಿಸಿ ಸಕ್ಕರೆ ಹೀರಿಕೊಳ್ಳದಂತೆ ಮಾಡುತ್ತದೆ. ಡಿಇಸಿ 100 ಮಿಲಿಗ್ರಾಂ ಮಾತ್ರೆ, 2ರಿಂದ 5 ವರ್ಷದ ಮಗುವಿಗೆ ಒಂದು, 6ರಿಂದ 14ರವರೆಗೆ ಎರಡು, 15 ದಾಟಿದವರಿಗೆ ಮೂರು. ಜೊತೆಗೆ ಆಲ್ಬೆಂಡಜೋಲ್ 400 ಮಿಲಿಗ್ರಾಂನ ಒಂದು. ಎರಡು ವರ್ಷದೊಳಗಿನ ಮಗು, ಬಸುರಿ, ತೀವ್ರ ಕಾಯಿಲೆಯಲ್ಲಿ ಮಲಗಿದವರು ಬಿಟ್ಟು ಊರಿನ ಎಲ್ಲರಿಗೂ.

ಕರ್ನಾಟಕದಲ್ಲಿ ಈ ರೋಗದ ನೆಲ ಎರಡು ತುಂಡು. ಒಂದು ಕರಾವಳಿ, ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ. ಇನ್ನೊಂದು ಬಯಲು, ಬೀದರಿನಿಂದ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆವರೆಗೆ. ಕರಾವಳಿಯಲ್ಲಿ ಕೆಲಸ ಬೇಗ ಕೈಗೂಡಿತು. ನಮ್ಮ ಕಡೆ ತಡವಾಯಿತು. ನಮ್ಮ ಜನರನ್ನು ನಾನು ದೂರುವುದಿಲ್ಲ. ದುಡಿಮೆಗೆ ಊರು ಬಿಡುವ ಜನ ನಾವು. ಮಾತ್ರೆ ಹಂಚಲು ಬಂದ ದಿನ ಅರ್ಧ ಊರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಪುಣೆಯಲ್ಲೋ ಇರುತ್ತದೆ.

ತಡವಾದ ಜಿಲ್ಲೆಗಳಿಗೆಂದು ಮೂರನೆಯ ಔಷಧ ಬಂತು. ಐವರ್ಮೆಕ್ಟಿನ್. ಈ ಹೆಸರನ್ನು 2021ರ ಕೋವಿಡ್ ಅಲೆಯಲ್ಲಿ ಇಡೀ ಬೆಂಗಳೂರು ಕಲಿತಿತು. ಜನ ಸಾಲುಗಟ್ಟಿ ಕೇಳಿದರು, ಸ್ಟಾಕಿಸ್ಟರ ಬಳಿ ಖಾಲಿಯಾಯಿತು. ಕೋವಿಡ್‌ಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರದ ಚಿಕಿತ್ಸಾ ಸೂಚನೆಯಿಂದ ಅದನ್ನು ಕೈಬಿಟ್ಟರು. ಆ ಔಷಧದ ನಿಜವಾದ ಹಿರಿಮೆ ಹುಳಗಳ ವಿಷಯದಲ್ಲಿ. ಜಪಾನಿನ ಸತೋಷಿ ಓಮುರಾ ಗಾಲ್ಫ್ ಮೈದಾನವೊಂದರ ಬಳಿಯ ಮಣ್ಣಿನಿಂದ ತೆಗೆದ ಸೂಕ್ಷ್ಮಾಣುವಿನಲ್ಲಿ ಅದರ ಬೀಜವಿತ್ತು. ಅಮೆರಿಕದ ಮೆರ್ಕ್ ಕಂಪನಿಯಲ್ಲಿ ವಿಲಿಯಂ ಕ್ಯಾಂಬೆಲ್ ಅದನ್ನು ಔಷಧವಾಗಿ ಬೆಳೆಸಿದರು. ಇಬ್ಬರಿಗೂ 2015ರಲ್ಲಿ ನೊಬೆಲ್ ಬಂತು. ಅದು ಹುಳದ ನರ, ಸ್ನಾಯುಗಳನ್ನು ಮರಗಟ್ಟಿಸುತ್ತದೆ.

ಆಫ್ರಿಕಾದ ಹಲವು ದೇಶಗಳಲ್ಲಿ ಡಿಇಸಿ ಕೊಡುವಂತಿಲ್ಲ. ಅಲ್ಲಿ ಕಣ್ಣು ಕುರುಡಾಗಿಸುವ ಇನ್ನೊಂದು ಫೈಲೇರಿಯಾ ಹುಳವಿದೆ. ಅದನ್ನು ಹೊತ್ತವರಿಗೆ ಡಿಇಸಿ ಕೊಟ್ಟರೆ ಕಣ್ಣಿನಲ್ಲೇ ಮರಿಗಳು ಸತ್ತು ದೃಷ್ಟಿಗೆ ಧಕ್ಕೆಯಾಗುತ್ತದೆ. ಲೋವಾ ಎಂಬ ಮತ್ತೊಂದು ಹುಳ ಮೈತುಂಬ ಇರುವವರಿಗೆ ಐವರ್ಮೆಕ್ಟಿನ್ ಕೂಡ ಅಪಾಯ, ಮಿದುಳಿಗೆ ತೊಂದರೆಯಾಗಬಹುದು. ನಮ್ಮಲ್ಲಿ ಆ ಎರಡೂ ರೋಗಗಳಿಲ್ಲದ ಕಾರಣ ಮೂರು ಔಷಧವನ್ನೂ ಒಟ್ಟಿಗೆ ಕೊಡುವ ಅವಕಾಶ ನಮಗಿತ್ತು. ಪಪುವಾ ನ್ಯೂಗಿನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರನ್ನೂ ಒಮ್ಮೆ ನುಂಗಿದವರಲ್ಲಿ ಎರಡು ವರ್ಷ ಕಳೆದರೂ ಶೇ. 96 ಜನರ ರಕ್ತದಲ್ಲಿ ಮರಿ ಇರಲಿಲ್ಲ. ಎರಡೇ ಔಷಧ ಒಮ್ಮೆ ನುಂಗಿದವರಲ್ಲಿ ಆ ಪ್ರಮಾಣ ಶೇ. 56.

ಆದರೆ ಕೋಟಿಗಟ್ಟಲೆ ಆರೋಗ್ಯವಂತರಿಗೆ ಕೊಡುವ ಮುಂಚೆ ಅಪಾಯವಿಲ್ಲವೆಂದು ಗಟ್ಟಿಯಾಗಬೇಕಲ್ಲ? ಐದು ದೇಶಗಳಲ್ಲಿ 26 ಸಾವಿರಕ್ಕೂ ಹೆಚ್ಚು ಜನರಿಗೆ ಮಾತ್ರೆ ಕೊಟ್ಟು, ಮನೆಮನೆಗೆ ಹೋಗಿ ವಿಚಾರಿಸಿದರು. ಫಿಜಿ, ಹೈಟಿ, ಇಂಡೋನೇಷ್ಯಾ, ಪಪುವಾ ನ್ಯೂಗಿನಿ, ಭಾರತ. ಭಾರತದಲ್ಲಿ ಅದಕ್ಕೆ ಆರಿಸಿಕೊಂಡ ಜಿಲ್ಲೆ ಯಾದಗಿರಿ. ಅದನ್ನು ನಡೆಸಿದ್ದು ಪುದುಚೇರಿಯಲ್ಲಿರುವ ಐಸಿಎಂಆರ್‌ನ ಕೀಟವಾಹಕ ರೋಗಗಳ ಸಂಶೋಧನಾ ಕೇಂದ್ರ. ಹಿಂದುಳಿದ ಜಿಲ್ಲೆ ಎಂದೇ ಎಲ್ಲ ಪಟ್ಟಿಯಲ್ಲೂ ಬರುವ ನನ್ನ ಯಾದಗಿರಿಯ ಜನ ಕೈಚಾಚಿ ಮಾತ್ರೆ ಇಸಿದುಕೊಂಡು, ನುಂಗಿ, ಆಮೇಲೆ ಏನಾಯಿತೆಂದು ಹೇಳಿದ್ದರಿಂದ ಜಗತ್ತಿಗೆ ಈ ಮೂರು ಔಷಧದ ಭರವಸೆ ಸಿಕ್ಕಿತು. ಇದನ್ನು ನಾನು ಹೆಮ್ಮೆಯಿಂದ ಬರೆಯುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮೂರು ಔಷಧದ ಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಅದು ಭಾರತದಲ್ಲಿ ಜಾರಿಗೆ ಬಂದಾಗ ಮೊದಲ ಕೆಲವು ಜಿಲ್ಲೆಗಳಲ್ಲಿ ಯಾದಗಿರಿಯೂ ಇತ್ತು. ಐವರ್ಮೆಕ್ಟಿನ್ ಪ್ರಮಾಣವನ್ನು ಎತ್ತರ ನೋಡಿ ನಿರ್ಧರಿಸುತ್ತಾರೆ, ಅದಕ್ಕಾಗಿ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಗುರುತು ಹಾಕಿದ ಕೋಲು ಅಥವಾ ಪಟ್ಟಿ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡುವುದಿಲ್ಲ.

ಶೆಡ್ಡಿನಿಂದ ಬರುವ ಹೆಣ್ಣುಮಕ್ಕಳನ್ನು ನಾನು ಊರು ಕೇಳುತ್ತೇನೆ. ಸುರಪುರ, ಶಹಾಪುರ, ಜೇವರ್ಗಿ ಎಂದ ಕೂಡಲೇ ಮಾತು ಬೆಳೆಯುತ್ತದೆ. ಹೋದ ಸಲ ಊರಲ್ಲಿ ಗುಳಿಗೆ ಕೊಟ್ಟರಲ್ಲ, ನುಂಗಿದೆಯಾ ಎಂದರೆ ಉತ್ತರ ಹೆಚ್ಚಾಗಿ ಹೀಗೆಯೇ: "ನನಗೇನಾಗೈತ್ರಿ ಅಕ್ಕೋರ? ಕಾಲು ನೆಟ್ಟಗ ಅದಾವಲ್ರಿ." ಒಬ್ಬಾಕೆ ಇನ್ನೂ ಮುಂದೆ ಹೋಗಿ, "ನಮ್ಮ ಅತ್ತಿದು ಕಾಲು ಊದೈತಿ, ನನ್ನ ಪಾಲಿನ ಗುಳಗಿನೂ ಆಕಿಗೇ ಕೊಟ್ಟೀನಿ" ಎಂದಳು. ಪ್ರೀತಿಯಿಂದ ಮಾಡಿದ ಕೆಲಸ, ನಿಜ. ಆದರೆ ಔಷಧ ಬೇಕಾದದ್ದು ಸೊಸೆಗೆ.

ಇಡೀ ಲೇಖನದಲ್ಲಿ ನಾನು ಹೇಳಬೇಕಾದ ಮಾತು ಇದೊಂದೇ. ಕಾಲು ಊದಿ ವರ್ಷಗಳಾದವರ ಮೈಯಲ್ಲಿ ಬಹಳ ಸಲ ಜೀವಂತ ಹುಳವೇ ಉಳಿದಿರುವುದಿಲ್ಲ. ನಾಳ ಕೆಡಿಸಿ ಹುಳ ಸತ್ತುಹೋಗಿರುತ್ತದೆ. ರಕ್ತದಲ್ಲಿ ಮರಿಗಳನ್ನು ಹೊತ್ತು ತಿರುಗುವವರಲ್ಲಿ ಹೆಚ್ಚಿನವರಿಗೆ ಜ್ವರವಿಲ್ಲ, ಊತವಿಲ್ಲ, ನೋವಿಲ್ಲ. ಗಟ್ಟಿಮುಟ್ಟಾಗಿ ಇಟ್ಟಿಗೆ ಹೊರುತ್ತಾರೆ, ಮೌಲ್ಡ್ ಹಾಕುತ್ತಾರೆ. ಸೋಂಕು ಬಾಲ್ಯದಲ್ಲೇ ತಗಲಿ, ಊತ ಕಾಣಿಸಿಕೊಳ್ಳಲು ಹತ್ತಾರು ವರ್ಷ ಹಿಡಿಯುತ್ತದೆ. ಕಾಲು ನೆಟ್ಟಗಿರುವಾಗಲೇ ಗುಳಿಗೆ ನುಂಗಬೇಕು. ಊದಿದ ಮೇಲೆ ಬಾಚಿ ತಿಂದರೂ ಆ ಕಾಲು ಮೊದಲಿನಂತಾಗುವುದಿಲ್ಲ.

ಮಾತ್ರೆಗೆ ಹೆದರಲು ಜನರಿಗೆ ಇನ್ನೊಂದು ಕಾರಣವಿದೆ. ನುಂಗಿದ ದಿನ ಕೆಲವರಿಗೆ ಜ್ವರ, ತಲೆನೋವು, ತಲೆಸುತ್ತು, ವಾಂತಿ ಬರುತ್ತದೆ. ಶಾಲೆಯಲ್ಲಿ ನಾಲ್ಕು ಮಕ್ಕಳು ವಾಂತಿ ಮಾಡಿಕೊಂಡರೆ ಆ ಸುದ್ದಿ ಹತ್ತು ಊರು ಸುತ್ತುತ್ತದೆ, ಮಕ್ಕಳಾಗದಂತೆ ಮಾಡುವ ಗುಳಿಗೆ ಎಂಬ ಮಾತೂ ಅದರ ಜೊತೆ ಸೇರಿಕೊಳ್ಳುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುವುದು ಇದ್ದದ್ದೇ, ಊಟ ಮಾಡಿ ನುಂಗಬೇಕು. ಜ್ವರ, ಮೈಕೈ ನೋವು ಬಂದರೆ ಅದು ಬಹುಮಟ್ಟಿಗೆ ರಕ್ತದಲ್ಲಿ ಮರಿಗಳು ಒಮ್ಮೆಲೇ ಸತ್ತುದರ ಪರಿಣಾಮ. ಮರಿ ಇಲ್ಲದವರಿಗೆ ಅಷ್ಟಾಗಿ ಏನೂ ಆಗುವುದಿಲ್ಲ. ಒಂದೆರಡು ದಿನದಲ್ಲಿ ಇಳಿಯುವ ತೊಂದರೆ, ಪ್ಯಾರಾಸಿಟಮಾಲ್‌ಗೆ ಬಗ್ಗುತ್ತದೆ. ಜ್ವರ ಬಂದವರಿಗೆ ನಾನು ಹೇಳುವುದು, ಔಷಧ ನಿನಗೇ ಬೇಕಾಗಿತ್ತು ಎಂಬುದಕ್ಕೆ ಇದು ಗುರುತು ತಾಯಿ, ಮುಂದಿನ ವರ್ಷ ತಪ್ಪಿಸಬೇಡ.

ಪ್ರತಿ ಸುತ್ತಿನಲ್ಲೂ ಒಟ್ಟು ಜನಸಂಖ್ಯೆಯ ಶೇ. 65ಕ್ಕಿಂತ ಕಡಿಮೆ ಇಲ್ಲದಷ್ಟು ಜನ ನಿಜವಾಗಿ ನುಂಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಹಂಚಿದ್ದು ಬೇರೆ, ನುಂಗಿದ್ದು ಬೇರೆ. ಕೈಯಲ್ಲಿ ಇಸಿದುಕೊಂಡು "ಆಮ್ಯಾಲ ನುಂಗತೀನ್ರಿ" ಎಂದ ಮಾತ್ರೆ ಗೂಡಿನಲ್ಲಿ ಉಳಿಯುತ್ತದೆ. ಆಶಾ ತನ್ನ ಕಣ್ಣೆದುರಿಗೇ ನುಂಗಬೇಕೆಂದು ನಿಲ್ಲುವುದು ಇದಕ್ಕೇ. ಆಕೆಯ ಮೇಲೆ ಸಿಟ್ಟಾಗಬೇಡಿ. ಜನ ನುಂಗದಿದ್ದರೆ ಬೇರೆ ದಾರಿ ಹುಡುಕಿದವರೂ ಇದ್ದಾರೆ. ಚೀನಾ ಅಡುಗೆ ಉಪ್ಪಿಗೇ ಡಿಇಸಿ ಬೆರೆಸಿ ರೋಗ ಕಳೆದುಕೊಂಡಿತು. ಒಲೆಯ ಕಾವಿಗೆ ಆ ಔಷಧ ಕೆಡುವುದಿಲ್ಲ. ನಮ್ಮಲ್ಲೂ ಕಾರೈಕಾಲ್, ಕನ್ಯಾಕುಮಾರಿಯಲ್ಲಿ ಅದನ್ನು ಪರೀಕ್ಷಿಸಿದ್ದರು. ಶ್ರೀಲಂಕಾ ಮತ್ತು ಮಾಲ್ಡೀವ್ಸ್ 2016ರಲ್ಲಿ, ಬಾಂಗ್ಲಾದೇಶ 2023ರಲ್ಲಿ ಈ ರೋಗದಿಂದ ಬಿಡುಗಡೆ ಪಡೆದವು. ಭಾರತ 2015ರ ಗುರಿ ಇಟ್ಟುಕೊಂಡು, ಅದನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿ, ಈಗ 2027 ಎನ್ನುತ್ತಿದೆ.

ಕಾಲು ಊದಿದವರಿಗೆ ಏನೂ ಮಾಡಲಾಗದು ಎಂದು ಇದರಿಂದ ತಿಳಿಯಬೇಡಿ. ನಮ್ಮ ಆಯಿಗೆ ಅಮಾವಾಸ್ಯೆ ಹುಣ್ಣಿಮೆ ಹತ್ತಿರ ಬಂದರೆ ಚಳಿಜ್ವರ, ತೊಡೆಸಂದಿನಲ್ಲಿ ಗಡ್ಡೆ. ಚಂದ್ರನ ಕಾಟವೆಂದು ಮನೆಯವರು ನಂಬಿದ್ದರು. ಆ ಜ್ವರಕ್ಕೆ ಕಾರಣ ಹುಳವೂ ಅಲ್ಲ, ಚಂದ್ರನೂ ಅಲ್ಲ. ಊದಿದ ಕಾಲಿನ ಬೆರಳ ಸಂದು ಬಿರಿದು ಅಲ್ಲಿಂದ ಬ್ಯಾಕ್ಟೀರಿಯಾ ಒಳಹೋಗುತ್ತವೆ. ಒಂದೊಂದು ಜ್ವರಕ್ಕೂ ಕಾಲು ಇನ್ನಷ್ಟು ದಪ್ಪವಾಗುತ್ತದೆ. ದಿನಾ ಸೋಪು ನೀರಿನಲ್ಲಿ ಮೃದುವಾಗಿ ತೊಳೆದು, ಬೆರಳ ಸಂದುಗಳನ್ನು ಬಟ್ಟೆಯಿಂದ ಒತ್ತಿ ಒರೆಸಿ, ಬಿರುಕಿದ್ದಲ್ಲಿ ಶಿಲೀಂಧ್ರದ ಮುಲಾಮು ಹಚ್ಚಿ, ರಾತ್ರಿ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟು ಮಲಗಿದರೆ ಈ ಜ್ವರ ಎಷ್ಟೋ ಕಡಿಮೆಯಾಗುತ್ತದೆ. ಜ್ವರ ಬಂದಾಗ ಬೇಕಾದದ್ದು ಡಾಕ್ಟರು ಬರೆದ ಆಂಟಿಬಯಾಟಿಕ್. ಆಯಿಗೆ ಒಂದು ಬಕೆಟ್, ಒಂದು ಸೋಪು, ಒಂದು ಮೆತ್ತನೆಯ ಟವೆಲು ಕೊಟ್ಟು ಇಷ್ಟು ಹೇಳಿಕೊಡುವವರು ಇದ್ದಿದ್ದರೆ ಅವಳ ಕೊನೆಯ ವರ್ಷಗಳು ಬೇರೆ ಇರುತ್ತಿದ್ದವು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಟಬ್ಬು, ಮಗ್ಗು, ಟವೆಲು, ಸೋಪು, ಮುಲಾಮು ಸೇರಿದ ಕಿಟ್ ಕೊಡುತ್ತಾರೆ. ಬೀಜದ ನೀರಿಗೆ ಶಸ್ತ್ರಚಿಕಿತ್ಸೆ ಇದೆ, ಪೂರ್ತಿ ವಾಸಿಯಾಗುತ್ತದೆ. ನಾಚಿಕೊಳ್ಳುವ ಗಂಡಸರು ಇದನ್ನು ಓದಲಿ.

ಕಾಸರಗೋಡಿನಲ್ಲಿ ಡಾ. ಎಸ್. ಆರ್. ನರಹರಿ ಅವರ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಇದೆ. ಅಲ್ಲಿ ಇಂಗ್ಲಿಷ್ ವೈದ್ಯ, ಆಯುರ್ವೇದ, ಯೋಗ ಮೂರನ್ನೂ ಕೂಡಿಸಿ ಊದಿದ ಕಾಲನ್ನು ತೊಳೆದು, ಅಭ್ಯಂಗ ಮಾಡಿ, ಬ್ಯಾಂಡೇಜು ಸುತ್ತಿ ಗಾತ್ರ ಇಳಿಸುವ ಕ್ರಮವನ್ನು ವರ್ಷಗಳಿಂದ ನಡೆಸುತ್ತಿದ್ದಾರೆ. ಇದರ ಜೊತೆಗೆ ಹುಳದ ಮೈಯೊಳಗಿನ ವಿಷಯವೂ ಒಂದು ತಿಳಿದಿದೆ. ವುಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇಲ್ಲದೆ ಈ ಹುಳ ಬದುಕಲಾರದು, ಮರಿ ಹಾಕಲಾರದು. ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಆಂಟಿಬಯಾಟಿಕ್ ಅನ್ನು ನಾಲ್ಕರಿಂದ ಆರು ವಾರ ಕೊಟ್ಟರೆ ಆ ಬ್ಯಾಕ್ಟೀರಿಯಾ ಸತ್ತು, ನಿಧಾನವಾಗಿ ದೊಡ್ಡ ಹುಳವೂ ಸಾಯುತ್ತದೆ. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಅದು ಸಲ್ಲದು. ವಾರಗಟ್ಟಲೆ ಬೇಕಾದ್ದರಿಂದ ಇಡೀ ಊರಿಗೆ ಹಂಚಲು ಬರುವುದಿಲ್ಲ, ಒಬ್ಬೊಬ್ಬ ರೋಗಿಯನ್ನು ನೋಡಿ ವೈದ್ಯರೇ ನಿರ್ಧರಿಸಬೇಕು.

ಚೀಟಿಯಿಲ್ಲದೆ ಬಂದ ಶೆಡ್ಡಿನವರಿಗೆ ನಾನು ಡಿಇಸಿಯನ್ನಾಗಲಿ ಐವರ್ಮೆಕ್ಟಿನನ್ನಾಗಲಿ ಮಾರುವುದಿಲ್ಲ. ಊರಿನಲ್ಲಿ ಪುಕ್ಕಟೆಯಾಗಿ, ಎತ್ತರ ಅಳೆದು, ವಯಸ್ಸು ಕೇಳಿ, ಏನಾದರೂ ಆದರೆ ನೋಡಿಕೊಳ್ಳುವ ತಂಡ ಜೊತೆಗಿಟ್ಟುಕೊಂಡು ಕೊಡುವ ಔಷಧ ಅದು. ಅವರ ಕೈಯಿಂದಲೇ ಊರಿನ ಆಶಾಗೆ ಫೋನು ಹಚ್ಚಿಸುತ್ತೇನೆ. ಮುಂದಿನ ಸುತ್ತು ಯಾವಾಗ, ತಪ್ಪಿಹೋದವರಿಗೆ ಮತ್ತೆ ಕೊಡುವ ದಿನ ಯಾವುದು ಎಂದು ಕೇಳಿಸುತ್ತೇನೆ. 2023ರಿಂದ ದೇಶದಲ್ಲಿ ಈ ಸುತ್ತುಗಳನ್ನು ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಹೊಂದಿಸುತ್ತಾರೆ. ಆಗಸ್ಟಿನ ಸುತ್ತು ಪಂಚಮಿಗೆ ಹತ್ತಿರ ಬರುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳು ಹೇಗೂ ತವರಿಗೆ ಹೋಗುವ ಹಬ್ಬ. ಎರಡು ದಿನ ಹೆಚ್ಚಿಗೆ ಇದ್ದು ಗುಳಿಗೆ ನುಂಗಿಯೇ ಬಾ, ಗಂಡನನ್ನೂ ಮಕ್ಕಳನ್ನೂ ಕರಕೊಂಡು ಹೋಗು ಎನ್ನುತ್ತೇನೆ.

ಇದಕ್ಕೆ ಅಡ್ಡಿ ಹೆಂಗಸರದ್ದಲ್ಲ, ಕೂಲಿಯದು. ಎರಡು ದಿನ ಹೆಚ್ಚು ರಜೆ ಹಾಕಿದರೆ ವಾರದ ಬಟವಾಡೆಯಲ್ಲಿ ಮುರಿಯುತ್ತಾರೆ. ಆದ್ದರಿಂದ ಈ ಭಾಗದಲ್ಲಿ ಮನೆ ಕಟ್ಟಿಸುವವರಿಗೆ, ಮೇಸ್ತ್ರಿಗಳಿಗೆ, ಕಂಟ್ರಾಕ್ಟರುಗಳಿಗೆ ನನ್ನದೊಂದು ಬೇಡಿಕೆ. ನಿಮ್ಮ ಕೆಲಸದವರ ಊರು ಯಾವುದೆಂದು ಕೇಳಿ. ಯಾದಗಿರಿ, ಕಲಬುರಗಿ, ಬೀದರಿನ ಕಡೆಯವರಾದರೆ ಔಷಧ ಹಂಚುವ ದಿನಗಳಿಗೆ ಹೊಂದಿಸಿ ಅವರಿಗೆ ರಜೆ ಕೊಡಿ, ಆ ಎರಡು ದಿನದ ಕೂಲಿ ಕತ್ತರಿಸಬೇಡಿ. ಆರೋಗ್ಯ ಇಲಾಖೆಗೂ ಹೇಳುತ್ತೇನೆ: ಆ ಜಿಲ್ಲೆಗಳ ಇಷ್ಟೊಂದು ದುಡಿಯುವ ಜನ ಇಲ್ಲಿರುವಾಗ ಆ ವಾರದಲ್ಲಿ ಬೆಂಗಳೂರಿನ ಶೆಡ್ಡುಗಳಿಗೂ ಆ ಎತ್ತರದ ಕೋಲು, ಆ ಮಾತ್ರೆಯ ಡಬ್ಬಿ ಹಿಡಿದು ಒಂದು ತಂಡ ಬರಲಿ. ಯಡಿಯೂರಿನ ಶೆಡ್ಡುಗಳು ಯಾವ ಯಾವ ರಸ್ತೆಯಲ್ಲಿವೆ ಎಂದು ನನಗೆ ಗೊತ್ತು, ತೋರಿಸಲು ನಾನೇ ಜೊತೆಗೆ ಬರುತ್ತೇನೆ.